ಮೆಮೊರಿ ಕಾರ್ಡ್ ಕೈಕೊಟ್ಟಾಗ: ಲಕ್ಷಣ ನೋಡಿ ಫೈಲ್ ಉಳಿಸಿಕೊಳ್ಳುವ ಬಗೆ

ಮೆಮೊರಿ ಕಾರ್ಡ್ ಕೆಟ್ಟಿದೆ ಎಂದು ಗೊತ್ತಾಗುವ ಹೊತ್ತಿಗೆ ಅದರೊಳಗಿನ ಫೋಟೊಗಳು ಸಾಮಾನ್ಯವಾಗಿ ಇನ್ನೂ ಅಲ್ಲೇ ಇರುತ್ತವೆ. ಅವು ಶಾಶ್ವತವಾಗಿ ಹೋಗುವುದು ಆಮೇಲಿನ ಗಾಬರಿಯಲ್ಲಿ. ಪರದೆಯ ಮೇಲೆ ಬಂದ ‘ಫಾರ್ಮ್ಯಾಟ್ ಮಾಡಬೇಕೇ?’ ಎಂಬ ಪ್ರಶ್ನೆಗೆ ಹೌದು ಎಂದು ಒತ್ತುತ್ತೇವೆ, ಕಂಪ್ಯೂಟರ್ ತಾನಾಗಿ ನೀಡುವ ರಿಪೇರಿಗೆ ಒಪ್ಪುತ್ತೇವೆ, ಕಾಣೆಯಾದ ಫೈಲ್ ಹುಡುಕುವ ತಂತ್ರಾಂಶವನ್ನು ಅದೇ ಕಾರ್ಡಿಗೆ ಇಳಿಸಿಕೊಳ್ಳುತ್ತೇವೆ. ಆದ್ದರಿಂದ ಈ ಕೈಪಿಡಿಯ ಉದ್ದಕ್ಕೂ ಒಂದೇ ನಿಯಮವಿದೆ: ಕೆಟ್ಟ ಕಾರ್ಡಿನ ಮೇಲೆ ಏನನ್ನೂ ಬರೆಯಬೇಡಿ. ಅದನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓದಿಸಿ ಪೂರ್ತಿ ಪ್ರತಿ ತೆಗೆದುಕೊಳ್ಳಿ. ಉಳಿದ ಪ್ರಯೋಗಗಳೆಲ್ಲ ಆ ಪ್ರತಿಯ ಮೇಲೆ ನಡೆಯಲಿ.

ನಿಮಗೆ ಕಾಣುತ್ತಿರುವ ಲಕ್ಷಣದ ತಲೆಬರಹಕ್ಕೆ ನೇರವಾಗಿ ಹೋಗಬಹುದು. ಆದರೆ ಮೊದಲ ಭಾಗವನ್ನು ಯಾರೂ ಬಿಡಬೇಡಿ.

## ಲಕ್ಷಣ ಯಾವುದೇ ಇರಲಿ, ಮೊದಲು ಇಷ್ಟು

ಕ್ಯಾಮೆರಾ ಅಥವಾ ಫೋನನ್ನು ಆಫ್ ಮಾಡಿ, ಆಮೇಲೆ ಕಾರ್ಡನ್ನು ಹೊರತೆಗೆಯಿರಿ. ‘ಇನ್ನೊಂದು ಫೋಟೊ ತೆಗೆದು ನೋಡೋಣ, ಸರಿಹೋಗಿರಬಹುದು’ ಎಂದು ಪರೀಕ್ಷಿಸಬೇಡಿ. ಆ ಹೊಸ ಫೋಟೊ ಹಳೆಯ ಫೋಟೊ ಇದ್ದ ಜಾಗದಲ್ಲೇ ಕೂರಬಹುದು, ಹಾಗೆ ಮೇಲೆ ಬರೆದುಹೋದದ್ದನ್ನು ಯಾವ ತಂತ್ರಾಂಶವೂ ವಾಪಸ್ ತರುವುದಿಲ್ಲ.

ದೊಡ್ಡ ಎಸ್‌ಡಿ ಕಾರ್ಡಾದರೆ ಎಡ ಅಂಚಿನಲ್ಲಿ ಪುಟ್ಟ ಜಾರುಗುಂಡಿ ಇರುತ್ತದೆ. ಅದನ್ನು ‘ಲಾಕ್’ ಎಂದು ಬರೆದಿರುವ ಕಡೆಗೆ ಸರಿಸಿ. ಮೈಕ್ರೊಎಸ್‌ಡಿಗೆ ಈ ಗುಂಡಿ ಇಲ್ಲ. ಅದನ್ನು ದೊಡ್ಡ ಕಾರ್ಡಿನ ಆಕಾರದ ಅಡಾಪ್ಟರಿನಲ್ಲಿ ಕೂರಿಸಿ ಅಡಾಪ್ಟರಿನ ಗುಂಡಿ ಸರಿಸಿ. ಇಲ್ಲೊಂದು ಎಚ್ಚರಿಕೆ ಬೇಕು: ಗುಂಡಿ ಬರೀ ಪ್ಲಾಸ್ಟಿಕ್ ತುಂಡು, ಒಳಗಿನ ಚಿಪ್ಪಿಗೂ ಅದಕ್ಕೂ ಸಂಬಂಧವಿಲ್ಲ. ಅದರ ಸ್ಥಾನವನ್ನು ಗಮನಿಸಿ ಬರವಣಿಗೆ ತಡೆಯುವ ಕೆಲಸ ರೀಡರಿನದು, ಅಂದರೆ ಕಾರ್ಡನ್ನು ಕಂಪ್ಯೂಟರಿಗೆ ಜೋಡಿಸುವ ಸಾಧನದ್ದು. ಕೆಲವು ಅಗ್ಗದ ರೀಡರುಗಳು ಅದನ್ನು ನೋಡುವುದೇ ಇಲ್ಲ. ಹಾಗಾಗಿ ಲಾಕ್ ಹಾಕಿದ್ದೇನೆಂದು ನಿರಾತಂಕವಾಗಿ ಗುಂಡಿಗಳನ್ನು ಒತ್ತಬೇಡಿ.

ಜೊತೆಗೆ, ಕಾರ್ಡಿನ ಪೂರ್ತಿ ಗಾತ್ರಕ್ಕಿಂತ ಹೆಚ್ಚು ಖಾಲಿ ಜಾಗ ಕಂಪ್ಯೂಟರಿನಲ್ಲೋ ಹೊರಗಿನ ಹಾರ್ಡ್ ಡಿಸ್ಕಿನಲ್ಲೋ ಇದೆಯೇ ನೋಡಿ. 64 ಜಿಬಿ ಕಾರ್ಡಿನಲ್ಲಿ 10 ಜಿಬಿಯಷ್ಟೇ ಫೋಟೊ ಇದ್ದರೂ ಪ್ರತಿಗೆ 64 ಜಿಬಿ ಬೇಕು. ಕಾರ್ಡ್ ಯಾವ ಉಪಕರಣದಲ್ಲಿತ್ತು, ಕೊನೆಗೆ ಸರಿಯಾಗಿ ಕೆಲಸ ಮಾಡಿದ್ದು ಯಾವಾಗ, ಆಮೇಲೆ ಏನಾಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮುಂದೆ ತಜ್ಞರ ಬಳಿ ಹೋಗಬೇಕಾದರೆ ಅವರು ಕೇಳುವುದು ಇದನ್ನೇ.

## ಕಾರ್ಡ್ ಹಾಕಿದರೆ ಕಂಪ್ಯೂಟರಿನಲ್ಲಿ ಏನೂ ಕಾಣುವುದಿಲ್ಲ

ದೋಷ ಕಾರ್ಡಿನದೇ ಎಂದು ತೀರ್ಮಾನಿಸುವ ಮೊದಲು ರೀಡರನ್ನು ಅನುಮಾನಿಸಿ. ಚೆನ್ನಾಗಿರುವ ಬೇರೊಂದು ಕಾರ್ಡನ್ನು ಅದೇ ರೀಡರಿಗೆ ಹಾಕಿ. ಅದೂ ಕಾಣದಿದ್ದರೆ ಕಾರಣ ಸಿಕ್ಕಂತೆಯೇ. ಯುಎಸ್‌ಬಿ ಹಬ್ ಬಿಟ್ಟು ನೇರವಾಗಿ ಕಂಪ್ಯೂಟರಿನ ಪೋರ್ಟಿಗೆ ಚುಚ್ಚಿ. ಮೈಕ್ರೊಎಸ್‌ಡಿ ಅಡಾಪ್ಟರುಗಳು ಬಹುಬೇಗ ಸಡಿಲವಾಗುತ್ತವೆ, ಇನ್ನೊಂದನ್ನು ಬಳಸಿ ನೋಡಿ.

ರೀಡರ್ ಹಳೆಯದಾದರೆ ಸಾಮರ್ಥ್ಯದ ತೊಡಕೂ ಇರಬಹುದು. ಮೂಲ ಎಸ್‌ಡಿ ಕಾರ್ಡುಗಳ ಮಿತಿ 2 ಜಿಬಿ. ಅದಕ್ಕಿಂತ ದೊಡ್ಡದಾಗಿ 32 ಜಿಬಿವರೆಗಿನವು ಎಸ್‌ಡಿಎಚ್‌ಸಿ, 32 ಜಿಬಿ ದಾಟಿ 2 ಟಿಬಿವರೆಗಿನವು ಎಸ್‌ಡಿಎಕ್ಸ್‌ಸಿ. ಮೊದಲ ತಲೆಮಾರಿನ ರೀಡರಿಗೆ ನಂತರದ ಕಾರ್ಡುಗಳು ಅರ್ಥವಾಗುವುದಿಲ್ಲ.

ಮುಂದೆ ಸಂಪರ್ಕ ಪಟ್ಟಿಗಳನ್ನು ಬೆಳಕಿನಲ್ಲಿ ಹಿಡಿದು ನೋಡಿ. ಮೈಕ್ರೊಎಸ್‌ಡಿಯಲ್ಲಿ 8, ದೊಡ್ಡ ಕಾರ್ಡಿನಲ್ಲಿ 9 ಚಿನ್ನದ ಬಣ್ಣದ ಪಟ್ಟಿಗಳಿರುತ್ತವೆ. ಅತಿವೇಗದ ಯುಎಚ್‌ಎಸ್-2 ಕಾರ್ಡುಗಳಲ್ಲಿ ಅದರ ಕೆಳಗೆ ಇನ್ನೊಂದು ಸಾಲು ಇರುತ್ತದೆ. ಬೆರಳಿನ ಜಿಡ್ಡು, ಮಸಕು ಪದರ ಕಂಡರೆ ನೂಲು ಬಿಡದ ಬಟ್ಟೆಗೆ ಒಂದೆರಡು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಮೃದುವಾಗಿ ಒರೆಸಿ, ಪೂರ್ತಿ ಆರಿದ ಮೇಲಷ್ಟೇ ರೀಡರಿಗೆ ಹಾಕಿ. ಈ ದ್ರವ ಬೇಗ ಬೆಂಕಿ ಹಿಡಿಯುವಂಥದ್ದು, ಗಾಳಿಯಾಡುವ ಕಡೆ ಕುಳಿತು ಮಾಡಿ. ಬ್ಲೇಡು, ಮರಳು ಕಾಗದ ಬೇಡವೇ ಬೇಡ. ಪಟ್ಟಿಯ ಮೇಲಿನ ಲೇಪನ ಬಹಳ ತೆಳುವಾದದ್ದು.

ಇಷ್ಟಾದರೂ ಕಾಣದಿದ್ದರೆ ವಿಂಡೋಸಿನಲ್ಲಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’, ಮ್ಯಾಕಿನಲ್ಲಿ ‘ಡಿಸ್ಕ್ ಯುಟಿಲಿಟಿ’ ತೆರೆದು ನೋಡಿ. ಅಲ್ಲಿ ಸಿಗುವ ಸುಳಿವು ಮುಖ್ಯ. ಕಾರ್ಡ್ ಸರಿಯಾದ ಗಾತ್ರದೊಂದಿಗೆ ಕಾಣುತ್ತಿದ್ದು ಡ್ರೈವ್ ಅಕ್ಷರ ಮಾತ್ರ ಇಲ್ಲದಿದ್ದರೆ ಅದು ಬಹಳ ಒಳ್ಳೆಯ ಸುದ್ದಿ: ಅಕ್ಷರವೊಂದನ್ನು ಕೊಟ್ಟರೆ ಸಾಕಾಗಬಹುದು. ಗಾತ್ರ ಸರಿಯಿದ್ದು ಒಳಗಿನದು ಅರ್ಥವಾಗದಿದ್ದರೆ ಮುಂದಿನ ಭಾಗಕ್ಕೆ ಹೋಗಿ. ಆದರೆ ‘ಮೀಡಿಯಾ ಇಲ್ಲ’ ಎಂದು ಬಂದರೆ, ಗಾತ್ರ ಸೊನ್ನೆ ಎಂದಿದ್ದರೆ, ಅಥವಾ 32 ಜಿಬಿ ಕಾರ್ಡ್ ಕೆಲವೇ ಎಂಬಿ ತೋರಿಸಿದರೆ, ಕಾರ್ಡಿನೊಳಗೆ ಓದು-ಬರಹ ನೋಡಿಕೊಳ್ಳುವ ಕಂಟ್ರೋಲರ್ ಚಿಪ್ ಸೋತಿದೆ ಎಂದೇ ತಿಳಿಯಬೇಕು. ಫೋಟೊ ಇರುವ ಮೆಮೊರಿ ಚಿಪ್ ಚೆನ್ನಾಗಿಯೇ ಇರಬಹುದು, ಆದರೆ ಅಲ್ಲಿಗೆ ಹೋಗುವ ಬಾಗಿಲು ಮುಚ್ಚಿದೆ. ಮನೆಯಲ್ಲಿ ಓಡಿಸುವ ಯಾವ ತಂತ್ರಾಂಶವೂ ಆ ಬಾಗಿಲು ತೆರೆಯಲಾರದು. ಇಲ್ಲಿಗೆ ನಿಲ್ಲಿಸಿ.

ಸತತವಾಗಿ ಓದುವಾಗ ಕಾರ್ಡ್ ಬೆಚ್ಚಗಾಗುವುದು ಸಹಜ. ಹಾಕಿದ ಕೆಲವೇ ಸೆಕೆಂಡಿನಲ್ಲಿ ಬೆರಳಿಗೆ ಚುರುಕ್ಕೆನ್ನುವಷ್ಟು ಬಿಸಿಯಾದರೆ ಒಳಗೆ ಶಾರ್ಟ್ ಆಗಿದೆ. ತಕ್ಷಣ ಯುಎಸ್‌ಬಿಯಿಂದ ರೀಡರನ್ನೇ ಕಿತ್ತುಬಿಡಿ, ಮತ್ತೆ ಹಾಕಿ ನೋಡುವ ಆಸೆ ಬೇಡ.

## ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂಬ ಸಂದೇಶ ಬರುತ್ತದೆ

‘ರದ್ದು’ ಒತ್ತಿ. ಈ ಸಂದೇಶ ಬಂದ ಮಾತ್ರಕ್ಕೆ ಫೋಟೊಗಳು ಹೋದವು ಎಂದಲ್ಲ. ಕಾರ್ಡಿನ ಆರಂಭದಲ್ಲಿ ಬೂಟ್ ಸೆಕ್ಟರ್ ಎಂಬ ಪುಟ್ಟ ಜಾಗವಿದೆ. ಫೈಲುಗಳ ಪಟ್ಟಿ ಎಲ್ಲಿದೆ, ಯಾವ ಕ್ರಮದಲ್ಲಿ ಬರೆದಿದೆ ಎಂಬ ವಿವರ ಅಲ್ಲಿರುತ್ತದೆ. ಅದು ಕೆಟ್ಟರೆ ವಿಂಡೋಸಿಗೆ ಕಾರ್ಡ್ ‘ರಾ’ ಎಂದು ಕಾಣುತ್ತದೆ, ಅಂದರೆ ಫೈಲುಗಳನ್ನು ಜೋಡಿಸಿಡುವ ಯಾವ ವ್ಯವಸ್ಥೆಯ ಗುರುತೂ ಸಿಗಲಿಲ್ಲ ಎಂದರ್ಥ. ಬರೆಯುತ್ತಿರುವಾಗಲೇ ಕಾರ್ಡ್ ಎಳೆದಿದ್ದು, ಬ್ಯಾಟರಿ ಮುಗಿದು ಕ್ಯಾಮೆರಾ ಆಫ್ ಆದದ್ದು ಇದಕ್ಕೆ ಸಾಮಾನ್ಯ ಕಾರಣಗಳು.

ಅಗ್ಗದ ಪರೀಕ್ಷೆಯೊಂದಿದೆ: ಬೇರೆ ಕಂಪ್ಯೂಟರಿನಲ್ಲಿ ಹಾಕಿ ನೋಡಿ. 32 ಜಿಬಿಗಿಂತ ದೊಡ್ಡ ಕಾರ್ಡುಗಳು ಎಕ್ಸ್‌ಫ್ಯಾಟ್ ವ್ಯವಸ್ಥೆಯಲ್ಲಿರುತ್ತವೆ, ತೀರಾ ಹಳೆಯ ಕಂಪ್ಯೂಟರುಗಳಿಗೆ ಅದು ಬರುವುದಿಲ್ಲ. ಬೇರೆಡೆ ಸಲೀಸಾಗಿ ತೆರೆದರೆ ಕಾರ್ಡಿಗೆ ರೋಗವೇ ಇರಲಿಲ್ಲ.

ಎಲ್ಲಿಯೂ ತೆರೆಯದಿದ್ದರೆ ಮುಂದೆ ‘ನಕಲಿಸುವಾಗ ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತದೆ’ ಭಾಗದಲ್ಲಿ ವಿವರಿಸಿರುವಂತೆ ಪೂರ್ತಿ ಪ್ರತಿ ತೆಗೆದು, ಆ ಪ್ರತಿಯ ಮೇಲೆ ಟೆಸ್ಟ್‌ಡಿಸ್ಕ್ ಎಂಬ ಉಚಿತ, ಮುಕ್ತ ತಂತ್ರಾಂಶ ಓಡಿಸಿ. ಫ್ಯಾಟ್32 ಎಂಬ ಇನ್ನೊಂದು ವ್ಯವಸ್ಥೆಯ ಕಾರ್ಡಿನಲ್ಲಿ ಬೂಟ್ ಸೆಕ್ಟರಿನ ಇನ್ನೊಂದು ಪ್ರತಿ ಸಾಮಾನ್ಯವಾಗಿ 6ನೇ ಸೆಕ್ಟರಿನಲ್ಲಿ, ಎಕ್ಸ್‌ಫ್ಯಾಟಿನಲ್ಲಿ 12ನೇ ಸೆಕ್ಟರಿನಿಂದ ಇರುತ್ತದೆ. ಈ ಮೀಸಲು ಪ್ರತಿ ಚೆನ್ನಾಗಿದ್ದರೆ ಫೋಲ್ಡರು, ಹೆಸರು, ದಿನಾಂಕ ಎಲ್ಲವೂ ಇದ್ದ ಹಾಗೆಯೇ ಮರಳುತ್ತವೆ. ಅದಕ್ಕೇ ಇದನ್ನು ಬೇರೆ ಉಪಾಯಗಳಿಗಿಂತ ಮೊದಲು ಪ್ರಯತ್ನಿಸಬೇಕು.

ವಿಂಡೋಸಿನ ಚೆಕ್‌ಡಿಸ್ಕ್, ಮ್ಯಾಕಿನ ‘ಫಸ್ಟ್ ಏಡ್’ ಇವೆರಡನ್ನೂ ಮೂಲ ಕಾರ್ಡಿನ ಮೇಲೆ ಓಡಿಸಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ಅವುಗಳ ಕೆಲಸ ವ್ಯವಸ್ಥೆಯನ್ನು ಸರಿಪಡಿಸುವುದು, ನಿಮ್ಮ ಫೋಟೊ ಉಳಿಸುವುದಲ್ಲ. ಪಟ್ಟಿಗೆ ಹೊಂದದ ತುಣುಕುಗಳನ್ನು ಚೆಕ್‌ಡಿಸ್ಕ್ ‘ಫೌಂಡ್’ ಎಂಬ ಫೋಲ್ಡರಿಗೆ ಹೆಸರಿಲ್ಲದ ಚೂರುಗಳಾಗಿ ತಳ್ಳುತ್ತದೆ, ಇಲ್ಲವೇ ಪಟ್ಟಿಯಿಂದಲೇ ಕತ್ತರಿಸುತ್ತದೆ. ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿಯಿಲ್ಲ.

## ಕಾರ್ಡ್ ತೆರೆಯುತ್ತದೆ, ಜಾಗವೂ ತುಂಬಿದೆ, ಫೋಟೊಗಳು ಮಾತ್ರ ಇಲ್ಲ

ಎಲ್ಲ ಲಕ್ಷಣಗಳಲ್ಲಿ ಹೆಚ್ಚು ಸಮಾಧಾನ ಕೊಡುವುದು ಇದು. ಕಾರ್ಡಿನ ‘ಬಳಕೆಯಾದ ಜಾಗ’ ಎಷ್ಟೆಂದು ನೋಡಿ. ಕಾಣುವ ಫೈಲುಗಳ ಮೊತ್ತಕ್ಕಿಂತ ಅದು ಬಹಳ ಹೆಚ್ಚಿದ್ದರೆ ಫೈಲುಗಳು ಮರೆಯಲ್ಲಿವೆ. ಅಡಗಿದ ಫೈಲುಗಳನ್ನು ತೋರಿಸುವ ಆಯ್ಕೆಯನ್ನು ಕಂಪ್ಯೂಟರಿನಲ್ಲಿ ಆನ್ ಮಾಡಿ. ಫೋಲ್ಡರುಗಳ ಜಾಗದಲ್ಲಿ ಬಾಣದ ಗುರುತಿನ ಶಾರ್ಟ್‌ಕಟ್‌ಗಳು ಕಂಡರೆ ವೈರಸ್ಸಿನ ಕೆಲಸ: ಅದು ನಿಜವಾದ ಫೋಲ್ಡರುಗಳನ್ನು ಅಡಗಿಸಿ ತನ್ನನ್ನು ತೆರೆಸಿಕೊಳ್ಳಲು ನಕಲಿಗಳನ್ನಿಟ್ಟಿದೆ. ಆ ಶಾರ್ಟ್‌ಕಟ್ ಒತ್ತಬೇಡಿ, ಮರೆಯಲ್ಲಿದ್ದ ಫೋಲ್ಡರುಗಳನ್ನು ನಕಲಿಸಿಕೊಂಡು ವೈರಸ್ ತಪಾಸಣೆ ಮಾಡಿಸಿ.

ಫೋನಿನ ಗ್ಯಾಲರಿಯಲ್ಲಷ್ಟೇ ಕಾಣದಿದ್ದರೆ ಫೋಲ್ಡರಿನಲ್ಲಿ ‘ಡಾಟ್ ನೋಮೀಡಿಯಾ’ ಎಂಬ ಖಾಲಿ ಫೈಲ್ ಇದೆಯೇ ಹುಡುಕಿ. ಅದು ಇದ್ದ ಫೋಲ್ಡರನ್ನು ಗ್ಯಾಲರಿ ಬಿಟ್ಟು ಹೋಗುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿದ್ದ ಕಾರ್ಡಿನಲ್ಲಿ ‘ಲಾಸ್ಟ್ ಡಾಟ್ ಡಿಐಆರ್’ ಫೋಲ್ಡರನ್ನೂ ತೆರೆಯಿರಿ. ತಪಾಸಣೆಯ ವೇಳೆ ವಾರಸುದಾರರಿಲ್ಲದೆ ಸಿಕ್ಕ ಫೈಲುಗಳನ್ನು ಫೋನ್ ಅಲ್ಲಿ ಬರೀ ಅಂಕಿಗಳ ಹೆಸರಿನಲ್ಲಿ ಇಡುತ್ತದೆ. ಕಂಪ್ಯೂಟರಿಗೆ ನಕಲಿಸಿಕೊಂಡು ಹೆಸರಿನ ಕೊನೆಗೆ ಡಾಟ್ ಜೆಪಿಜಿ ಸೇರಿಸಿದರೆ ಎಷ್ಟೋ ಫೋಟೊಗಳು ತೆರೆಯುತ್ತವೆ. ಮ್ಯಾಕಿನಲ್ಲಿ ಕಸದ ಬುಟ್ಟಿಗೆ ಹಾಕಿದ ಫೈಲುಗಳು ಬುಟ್ಟಿ ಖಾಲಿ ಮಾಡುವವರೆಗೆ ಅದೇ ಕಾರ್ಡಿನ ಅಡಗಿದ ‘ಟ್ರಾಶಸ್’ ಫೋಲ್ಡರಿನಲ್ಲಿ ಉಳಿದಿರುತ್ತವೆ.

## ಅಳಿಸಿಬಿಟ್ಟೆ, ಅಥವಾ ಫಾರ್ಮ್ಯಾಟ್ ಆಗಿಹೋಯಿತು

ಮೊದಲು ಫೋನಿನ ಗ್ಯಾಲರಿಯ ಅನುಪಯುಕ್ತ ಬುಟ್ಟಿ ನೋಡಿ. ಗೂಗಲ್ ಫೋಟೋಸ್ ಬಳಸುತ್ತಿದ್ದರೆ, ಬ್ಯಾಕಪ್ ಆಗಿದ್ದ ಚಿತ್ರಗಳು ಅಳಿಸಿದ ಮೇಲೂ 60 ದಿನ ಅಲ್ಲಿರುತ್ತವೆ. ವಿಂಡೋಸಿನಲ್ಲಿ ಕಾರ್ಡಿನಿಂದ ಅಳಿಸಿದ್ದು ಸಾಮಾನ್ಯವಾಗಿ ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ, ಅಲ್ಲಿ ಹುಡುಕಿ ಹೊತ್ತು ಕಳೆಯಬೇಡಿ.

ಅಳಿಸುವುದೆಂದರೆ ಪಟ್ಟಿಯಲ್ಲಿ ಒಂದು ಗುರುತು ಬದಲಾಗುವುದು, ಅಷ್ಟೆ. ಫ್ಯಾಟ್32ರಲ್ಲಿ ಫೈಲಿನ ಹೆಸರಿನ ಮೊದಲ ಅಕ್ಷರದ ಮೇಲೆ ‘ಅಳಿಸಿದೆ’ ಎಂಬ ಸಂಕೇತ ಬೀಳುತ್ತದೆ, ಫೈಲಿನ ತುಣುಕುಗಳು ಯಾವ ಕ್ರಮದಲ್ಲಿವೆ ಎಂಬ ಸರಪಳಿಯೂ ಅಳಿಯುತ್ತದೆ. ಮರಳಿ ಸಿಕ್ಕ ಫೈಲುಗಳ ಮೊದಲ ಅಕ್ಷರ ಕಾಣೆಯಾಗಿರುವುದು ಇದೇ ಕಾರಣಕ್ಕೆ. ಎಕ್ಸ್‌ಫ್ಯಾಟಿನಲ್ಲಿ ಒಂದೇ ಉದ್ದಕ್ಕೆ ಬರೆದ ಫೈಲಿನ ಹೆಸರು, ಆರಂಭದ ಜಾಗ, ಗಾತ್ರ ಮೂರೂ ಉಳಿದಿರುತ್ತವೆ, ಆದ್ದರಿಂದ ಅಲ್ಲಿ ಯಶಸ್ಸು ಹೆಚ್ಚು.

ಕ್ಯಾಮೆರಾದ ಸಾಮಾನ್ಯ ಫಾರ್ಮ್ಯಾಟ್ ಪಟ್ಟಿಯನ್ನಷ್ಟೇ ಹೊಸದಾಗಿ ಬರೆಯುತ್ತದೆ. ಫೋಟೊಗಳು ಹಿಂದೆ ಉಳಿದಿರುವ ಸಾಧ್ಯತೆ ಚೆನ್ನಾಗಿದೆ. ಪ್ರತಿ ತೆಗೆದು ಅವನ್ನು ಹುಡುಕುವ ಬಗೆ ‘ನಕಲಿಸುವಾಗ ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತದೆ’ ಭಾಗದ ಕೊನೆಯಲ್ಲಿದೆ. ‘ಕ್ವಿಕ್’ ಗುರುತು ತೆಗೆದು ವಿಂಡೋಸಿನಲ್ಲಿ ಮಾಡಿದ ಪೂರ್ಣ ಫಾರ್ಮ್ಯಾಟ್ ಹಾಗಲ್ಲ: ವಿಸ್ತಾ ಆವೃತ್ತಿಯಿಂದೀಚೆಗೆ ಅದು ಇಡೀ ಕಾರ್ಡಿನ ಮೇಲೆ ಸೊನ್ನೆಗಳನ್ನು ಬರೆಯುತ್ತದೆ. ಅದು ಕೊನೆಯವರೆಗೆ ನಡೆದಿದ್ದರೆ ಯಾರಿಂದಲೂ ಏನೂ ಆಗದು, ದುಡ್ಡು ಖರ್ಚು ಮಾಡಬೇಡಿ. ಕೆಲವು ಉಪಕರಣಗಳು ಫಾರ್ಮ್ಯಾಟ್ ಮಾಡುವಾಗ ‘ಈ ಜಾಗ ಇನ್ನು ಬೇಡ’ ಎಂದು ಕಾರ್ಡಿನ ಕಂಟ್ರೋಲರಿಗೆ ತಿಳಿಸುವುದುಂಟು. ಆಗಲೂ ಓದಿದರೆ ಬರೀ ಸೊನ್ನೆ ಸಿಗಬಹುದು.

## ಅಳಿಸಿದ ಫೋಟೊಗಳು ಕಾರ್ಡ್ ತೆಗೆದು ಹಾಕಿದರೆ ಮತ್ತೆ ಹಾಜರು

ಲಾಕ್ ಗುಂಡಿ ತೆರೆದಿದ್ದರೂ ‘ಬರೆಯಲಾಗದು’ ಎಂಬ ಸಂದೇಶ, ಫಾರ್ಮ್ಯಾಟ್ ಮುಗಿಯಿತು ಎಂದರೂ ಹಳೆಯದೆಲ್ಲ ಹಾಗೇ ಇರುವುದು, ಇವು ಒಂದೇ ರೋಗದ ಲಕ್ಷಣಗಳು. ಮೆಮೊರಿ ಕೋಶಗಳು ಸವೆದು ಇನ್ನು ಬರೆದರೆ ಅಪಾಯ ಎಂದು ಕಂಡಾಗ ಕಂಟ್ರೋಲರ್ ಕಾರ್ಡನ್ನು ಓದಲು ಮಾತ್ರ ಎಂಬ ಸ್ಥಿತಿಗೆ ತಂದು ನಿಲ್ಲಿಸುತ್ತದೆ. ಇದ್ದುದನ್ನು ಕಾಪಾಡುವುದೇ ಅದರ ಉದ್ದೇಶ. ಇವತ್ತೇ ಎಲ್ಲವನ್ನೂ ನಕಲಿಸಿಕೊಳ್ಳಿ. ಈ ‘ಲಾಕ್’ ತೆಗೆಯುತ್ತೇವೆ ಎನ್ನುವ ಉಪಾಯಗಳ ಹಿಂದೆ ಹೋಗಬೇಡಿ, ಕಾರ್ಡಿನ ಆಯುಸ್ಸು ಮುಗಿದಿದೆ.

## ನಕಲಿಸುವಾಗ ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತದೆ, ಕಾರ್ಡ್ ಬಂದು ಹೋಗುತ್ತದೆ

ನಿಜವಾಗಿ ಸಾಯುತ್ತಿರುವ ಕಾರ್ಡಿನ ಲಕ್ಷಣ ಇದು. ಒಂದು ಫೈಲಿನವರೆಗೆ ಸರಾಗವಾಗಿ ನಕಲಾಗುತ್ತದೆ, ಅಲ್ಲಿ ಪ್ರಗತಿ ತೋರಿಸುವ ಪಟ್ಟಿ ನಿಂತುಬಿಡುತ್ತದೆ, ಒಂದೆರಡು ನಿಮಿಷದ ಮೇಲೆ ‘ಓದಲಾಗಲಿಲ್ಲ’ ಎಂಬ ದೋಷ. ಎಷ್ಟು ಸಲ ಮಾಡಿದರೂ ಅದೇ ಫೈಲಿನಲ್ಲಿ ನಿಂತರೆ ಆ ಜಾಗದ ಮೆಮೊರಿ ಕೋಶಗಳು ಕೆಟ್ಟಿವೆ. ಪ್ರತಿ ಸಲವೂ ಬೇರೆ ಬೇರೆ ಕಡೆ ನಿಂತರೆ ರೀಡರನ್ನೋ ಸಂಪರ್ಕವನ್ನೋ ಕಂಟ್ರೋಲರನ್ನೋ ಅನುಮಾನಿಸಬೇಕು. ರೀಡರ್ ಬದಲಿಸಿ ನೋಡಿ.

ಇಂಥ ಕಾರ್ಡಿನಲ್ಲಿ ಫೈಲುಗಳನ್ನು ಒಂದೊಂದಾಗಿ ಎಳೆದು ಹಾಕುವುದು ಕೆಟ್ಟ ವಿಧಾನ. ಕಂಪ್ಯೂಟರ್ ಕೆಟ್ಟ ಜಾಗವನ್ನೇ ಪಟ್ಟು ಹಿಡಿದು ಮತ್ತೆ ಮತ್ತೆ ಓದಲು ಹೋಗುತ್ತದೆ, ಆ ಹೊತ್ತಿನಲ್ಲಿ ಚೆನ್ನಾಗಿರುವ ಭಾಗ ಉಳಿಸಿಕೊಳ್ಳುವ ಅವಕಾಶವೂ ಕೈತಪ್ಪಬಹುದು. ಮೊದಲು ಸುಲಭವಾಗಿ ಬರುವುದನ್ನೆಲ್ಲ ಬಾಚಿಕೊಂಡು ಆಮೇಲೆ ಕಷ್ಟದ ಜಾಗಗಳಿಗೆ ಮರಳುವ ತಂತ್ರಾಂಶ ಬೇಕು. ಅದೇ ಲಿನಕ್ಸಿನಲ್ಲಿ ಉಚಿತವಾಗಿ ಸಿಗುವ ಜಿಎನ್‌ಯು ಡಿಡಿರೆಸ್ಕ್ಯೂ. ಲಿನಕ್ಸ್ ಇಲ್ಲದವರು ಪೆನ್ ಡ್ರೈವಿನಿಂದ ಓಡುವ ಲಿನಕ್ಸ್ ಆವೃತ್ತಿ ಬಳಸಬಹುದು, ಕಂಪ್ಯೂಟರಿನಲ್ಲಿ ಏನನ್ನೂ ಅಳವಡಿಸಬೇಕಿಲ್ಲ.

ಡಿಡಿರೆಸ್ಕ್ಯೂಗೆ ಮೂರು ಹೆಸರು ಕೊಡಬೇಕು: ಮೊದಲು ಮೂಲ ಕಾರ್ಡ್, ನಂತರ ಪ್ರತಿಯ ಫೈಲ್, ಕೊನೆಗೆ ಮ್ಯಾಪ್ ಫೈಲ್. ಈ ಕ್ರಮ ಅದಲುಬದಲಾಗಬಾರದು. ಪ್ರತಿಯ ಜಾಗದಲ್ಲಿ ತಪ್ಪಾಗಿ ಕಾರ್ಡನ್ನು ಕೊಟ್ಟರೆ ಉಳಿಸಲು ಹೊರಟದ್ದೇ ನಾಶವಾಗಬಹುದು. ಡ್ರೈವುಗಳ ಪಟ್ಟಿ ತೆಗೆದು ಗಾತ್ರ ನೋಡಿ ಕಾರ್ಡ್ ಯಾವುದೆಂದು ಗುರುತಿಸಿ, ಎಂಟರ್ ಒತ್ತುವ ಮೊದಲು ಸಾಲನ್ನು ಗಟ್ಟಿಯಾಗಿ ಓದಿಕೊಳ್ಳಿ. ಪ್ರತಿ ಇಡುವ ಡಿಸ್ಕ್ ಫ್ಯಾಟ್32 ಆಗಿರಬಾರದು, ಅದರಲ್ಲಿ 4 ಜಿಬಿ ಮುಟ್ಟುವ ಫೈಲ್ ಹಿಡಿಸುವುದಿಲ್ಲ. ಲಿನಕ್ಸ್ ಕಾರ್ಡನ್ನು ತಾನಾಗಿ ತೆರೆದುಕೊಂಡಿದ್ದರೆ ಅನ್‌ಮೌಂಟ್ ಮಾಡಿ, ಅಂದರೆ ಕಾರ್ಡನ್ನು ಕೀಳದೆ ತೆರೆದದ್ದನ್ನು ಮಾತ್ರ ಮುಚ್ಚಿ.

ಮೊದಲ ಸುತ್ತನ್ನು ‘ನೋ-ಸ್ಕ್ರೇಪ್’ ಆಯ್ಕೆಯೊಂದಿಗೆ ಓಡಿಸಿ. ಕೆಟ್ಟ ಜಾಗ ಬಂದರೆ ಅದು ಅಲ್ಲಿ ಹೆಣಗದೆ ಮುಂದಕ್ಕೆ ಜಿಗಿಯುತ್ತದೆ. ಎಲ್ಲೆಲ್ಲಿ ಓದಿತು, ಎಲ್ಲಿ ಬಿಟ್ಟಿತು ಎಂಬ ಲೆಕ್ಕ ಮ್ಯಾಪ್ ಫೈಲಿನಲ್ಲಿ ಉಳಿಯುತ್ತದೆ. ಮಧ್ಯೆ ಕಾರ್ಡ್ ನಾಪತ್ತೆಯಾಗಿ ಓದುವ ವೇಗ ಸೊನ್ನೆಗೆ ಇಳಿದು ದೋಷಗಳ ಸಂಖ್ಯೆ ಸರಸರನೆ ಏರತೊಡಗಿದರೆ ಕಂಟ್ರೋಲ್ ಮತ್ತು ಸಿ ಒತ್ತಿ ನಿಲ್ಲಿಸಿ. ರೀಡರ್ ಕಿತ್ತು, ಕಾರ್ಡ್ ಸ್ವಲ್ಪ ಹೊತ್ತು ತಣ್ಣಗಾಗಲು ಬಿಟ್ಟು, ಮತ್ತೆ ಚುಚ್ಚಿ ಅದೇ ಮ್ಯಾಪ್ ಫೈಲಿನೊಂದಿಗೆ ಮುಂದುವರಿಸಿ. ಮತ್ತೆ ಚುಚ್ಚಿದಾಗ ಎಸ್‌ಡಿಬಿ ಎಂದಿದ್ದ ಕಾರ್ಡಿನ ಹೆಸರು ಎಸ್‌ಡಿಸಿ ಆಗಿರುವುದುಂಟು, ಪ್ರತಿ ಸಲವೂ ಪರಿಶೀಲಿಸಿ. ಮೊದಲ ಸುತ್ತು ಮುಗಿದ ಮೇಲೆ ಆ ಆಯ್ಕೆ ತೆಗೆದು ಎರಡನೇ ಸುತ್ತು, ಬೇಕಿದ್ದರೆ ‘ರಿಟ್ರೈ-ಪಾಸಸ್’ ಆಯ್ಕೆಯಲ್ಲಿ 3 ಸಲ ಮರುಪ್ರಯತ್ನ. ಒಂದೇ ಕಡೆ ಪದೇ ಪದೇ ಸಿಕ್ಕಿಕೊಂಡರೆ ‘ರಿವರ್ಸ್’ ಆಯ್ಕೆಯಿಂದ ಕೊನೆಯಿಂದ ಹಿಂದಕ್ಕೆ ಓದಿಸಿ; ಎದುರಿನಿಂದ ತಲುಪಲಾಗದ ಭಾಗ ಹಿಂದಿನಿಂದ ಸಿಗುವುದುಂಟು.

ಕಾರ್ಡ್ ಆರೋಗ್ಯವಾಗಿದ್ದು ಫೈಲ್ ಮಾತ್ರ ಅಳಿಸಿದ್ದರೆ ಇಷ್ಟೆಲ್ಲ ಬೇಡ. ವಿಂಡೋಸಿನಲ್ಲಿ ವಿನ್32 ಡಿಸ್ಕ್ ಇಮೇಜರ್ ಸಾಕು. ಆದರೆ ಅದರಲ್ಲಿ ‘ರೀಡ್’ ಮತ್ತು ‘ರೈಟ್’ ಗುಂಡಿಗಳು ಅಕ್ಕಪಕ್ಕದಲ್ಲಿವೆ. ನಿಮಗೆ ಬೇಕಾದದ್ದು ‘ರೀಡ್’. ಓದುವಲ್ಲಿ ದೋಷ ಬಂದರೆ ಅದು ನಿಂತುಬಿಡುತ್ತದೆ, ಆಗ ಡಿಡಿರೆಸ್ಕ್ಯೂ ಕಡೆಗೇ ಬನ್ನಿ.

ಪ್ರತಿ ಸಿದ್ಧವಾದ ಮೇಲೆ ಫೋಟೊರೆಕ್ ಓಡಿಸಬಹುದು. ಟೆಸ್ಟ್‌ಡಿಸ್ಕ್ ಜೊತೆಗೇ ಬರುವ ಇದು ಪಟ್ಟಿಯನ್ನು ನೋಡುವುದೇ ಇಲ್ಲ, ಇಡೀ ಪ್ರತಿಯನ್ನು ಜಾಲಾಡಿ ಫೈಲುಗಳ ಆರಂಭದ ಗುರುತು ಹುಡುಕುತ್ತದೆ. ಪ್ರತಿ ಜೆಪಿಜಿ ಫೋಟೊ ಒಂದೇ ಬಗೆಯ ಕೆಲವು ಬೈಟುಗಳಿಂದ ಶುರುವಾಗುವುದೇ ಇದಕ್ಕೆ ಆಧಾರ. ಹಾಗಾಗಿ ಹೆಸರು, ಫೋಲ್ಡರು ಯಾವುದೂ ಉಳಿಯುವುದಿಲ್ಲ. ಆದರೂ ಚಿತ್ರ ತೆಗೆದ ದಿನಾಂಕ ಫೋಟೊದೊಳಗೇ ಇರುವುದರಿಂದ ದಿನದ ಪ್ರಕಾರ ಜೋಡಿಸಿಕೊಳ್ಳಬಹುದು. ಫಲಿತಾಂಶ ಉಳಿಸುವ ಜಾಗ ಕೇಳಿದಾಗ ಕಾರ್ಡನ್ನು ತೋರಿಸಬೇಡಿ. ಫೋನಿನೊಳಗೇ ಕಾರ್ಡ್ ಬಿಟ್ಟು ಕೇಬಲ್ ಜೋಡಿಸಿದರೆ ಇವಾವುವೂ ನಡೆಯುವುದಿಲ್ಲ. ಆ ದಾರಿಯಲ್ಲಿ ಫೋನ್ ಫೈಲುಗಳನ್ನಷ್ಟೇ ಕೊಡುತ್ತದೆ, ಕಾರ್ಡಿನ ಕಚ್ಚಾ ರೂಪವನ್ನಲ್ಲ. ರೀಡರ್ ಬೇಕೇ ಬೇಕು.

## ಸಣ್ಣ ಚಿತ್ರ ಕಾಣುತ್ತದೆ, ತೆರೆದರೆ ಅರ್ಧ ಬೂದು ಬಣ್ಣ

ಕ್ಯಾಮೆರಾ ಪ್ರತಿ ಫೋಟೊದ ಆರಂಭದಲ್ಲಿ ಸಾಮಾನ್ಯವಾಗಿ 160×120 ಚುಕ್ಕೆಗಳ ಒಂದು ಕಿರುಚಿತ್ರವನ್ನು ಸೇರಿಸಿರುತ್ತದೆ. ಫೋಲ್ಡರಿನಲ್ಲಿ ನಿಮಗೆ ಕಾಣುತ್ತಿರುವುದು ಅದು. ಮೊದಲ ಕೆಲವು ಕಿಲೊಬೈಟ್ ಉಳಿದರೂ ಕಿರುಚಿತ್ರ ಬರುತ್ತದೆ, ಆದ್ದರಿಂದ ಅದನ್ನು ನೋಡಿ ಫೋಟೊ ಸುರಕ್ಷಿತ ಎಂದುಕೊಳ್ಳಬಾರದು. ಒಂದೊಂದನ್ನೂ ಪೂರ್ತಿ ತೆರೆದು ನೋಡಬೇಕು.

ಹಾಳಾದ ರೀತಿಯೇ ಕಾರಣ ಹೇಳುತ್ತದೆ. ಒಂದು ಗೆರೆಯಿಂದ ಕೆಳಗೆ ಸಮತಟ್ಟಾದ ಬೂದು ಬಣ್ಣವಿದ್ದರೆ ಅಲ್ಲಿಂದಾಚೆಗಿನ ದತ್ತಾಂಶ ಸಿಕ್ಕಿಲ್ಲ. ಒಂದು ಹಂತದಿಂದ ಕೆಳಗೆ ಚಿತ್ರ ಪಕ್ಕಕ್ಕೆ ಸರಿದು ನೇರಳೆಗೋ ಹಸಿರಿಗೋ ತಿರುಗಿದ್ದರೆ ನಡುವಿನ ಕೆಲವೇ ಬಿಟ್‌ಗಳು ತಪ್ಪಾಗಿವೆ. ಜೆಪಿಜಿಯಲ್ಲಿ ಪ್ರತಿ ಚೌಕದ ಬಣ್ಣ ಹಿಂದಿನ ಚೌಕವನ್ನು ಅವಲಂಬಿಸಿರುವುದರಿಂದ ಒಂದು ತಪ್ಪು ಕೊನೆಯವರೆಗೆ ಹರಿಯುತ್ತದೆ. ಮೇಲರ್ಧ ಒಂದು ಫೋಟೊ, ಕೆಳಗೆ ಇನ್ನೊಂದರ ತುಣುಕು ಕಂಡರೆ ಮೆಮೊರಿ ಚೆನ್ನಾಗಿದೆ, ತುಣುಕುಗಳನ್ನು ಜೋಡಿಸುವ ಪಟ್ಟಿ ಮಾತ್ರ ಕೆಟ್ಟಿದೆ. ಹೀಗಿದ್ದಾಗ ಬೇರೆ ತಂತ್ರಾಂಶದಿಂದ ಅದೇ ಪ್ರತಿಯನ್ನು ಮತ್ತೆ ಓದಿಸಿದರೆ ಸರಿಯಾದ ಚಿತ್ರ ಸಿಗುವ ಭರವಸೆ ಇದೆ. ಬೂದು ಬಣ್ಣಕ್ಕೆ ಆ ಭರವಸೆ ಕಡಿಮೆ, ಆದರೂ ಬೇರೆ ರೀಡರಿನಿಂದ ಒಮ್ಮೆ ಹೊಸ ಪ್ರತಿ ತೆಗೆದು ಹೋಲಿಸಿ.

ಕ್ಯಾಮೆರಾದ ರಾ ಫೈಲ್ (ಸಂಸ್ಕರಿಸದ ಮೂಲ ಚಿತ್ರ, ವಿಂಡೋಸ್ ತೋರಿಸುವ ‘ರಾ’ ಅಲ್ಲ) ತೆರೆಯದಿದ್ದರೆ ಕೈಚೆಲ್ಲಬೇಡಿ. ಅದರೊಳಗೆ ಹೆಚ್ಚಾಗಿ ದೊಡ್ಡ ಗಾತ್ರದ ಜೆಪಿಜಿ ಮುನ್ನೋಟವೊಂದು ಅಡಗಿರುತ್ತದೆ. ಮೂಲ ಕೆಟ್ಟರೂ ಅದನ್ನು ಹೊರತೆಗೆಯಬಹುದು, ಮುದ್ರಿಸಲು ಸಾಕಾಗುವಷ್ಟು ಚೆನ್ನಾಗಿರುವುದೂ ಉಂಟು.

ವಿಡಿಯೊಗಳದು ಬೇರೆ ಕಥೆ. ಎಂಪಿ4 ಫೈಲಿನಲ್ಲಿ ಯಾವ ದೃಶ್ಯ ಎಲ್ಲಿದೆ ಎಂಬ ಸೂಚಿಯನ್ನು ಹೆಚ್ಚಿನ ಕ್ಯಾಮೆರಾಗಳು ಚಿತ್ರೀಕರಣ ನಿಲ್ಲಿಸಿದಾಗ ಕೊನೆಯಲ್ಲಿ ಬರೆಯುತ್ತವೆ. ಅದಕ್ಕೂ ಮೊದಲೇ ವಿದ್ಯುತ್ ಹೋದರೆ ಗಂಟೆಗಟ್ಟಲೆ ದೃಶ್ಯ ಕಾರ್ಡಿನಲ್ಲಿದ್ದರೂ ಯಾವ ಪ್ಲೇಯರೂ ತೆರೆಯುವುದಿಲ್ಲ. ಅನ್‌ಟ್ರಂಕ್ ಎಂಬ ಉಚಿತ ತಂತ್ರಾಂಶ, ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗಿನಲ್ಲಿ ತೆಗೆದ ಚೆನ್ನಾಗಿರುವ ವಿಡಿಯೊವೊಂದನ್ನು ಮಾದರಿಯಾಗಿ ಕೊಟ್ಟರೆ, ಆ ಸೂಚಿಯನ್ನು ಮತ್ತೆ ಕಟ್ಟಲು ಪ್ರಯತ್ನಿಸುತ್ತದೆ. ಮಾದರಿ ವಿಡಿಯೊವನ್ನು ಹೊಸ ಕಾರ್ಡಿನಲ್ಲಿ ತೆಗೆಯಿರಿ.

## ಹಳೆಯ ಫೋಟೊಗಳು ಸರಿ, ಒಂದು ದಿನದಿಂದ ಈಚಿನವೆಲ್ಲ ಹಾಳು

ಕಾರ್ಡ್ ಹೊಸದು, ಸಾಮರ್ಥ್ಯ ದೊಡ್ಡದು, ಬೆಲೆ ನಂಬಲಾಗದಷ್ಟು ಕಡಿಮೆಯಿತ್ತು ಎಂದಾದರೆ ಅದು ನಕಲಿ. ಒಳಗಿರುವ ಮೆಮೊರಿ ಚಿಕ್ಕದು, ಕಂಟ್ರೋಲರ್ ಮಾತ್ರ ದೊಡ್ಡ ಸಂಖ್ಯೆ ಹೇಳುವಂತೆ ಬದಲಾಯಿಸಿರುತ್ತಾರೆ. ನಿಜವಾದ ಮಿತಿ ದಾಟಿದ ಮೇಲೆ ಬರೆದದ್ದು ಎಲ್ಲಿಯೂ ಉಳಿಯುವುದಿಲ್ಲ, ಇಲ್ಲವೇ ಹಳೆಯದರ ಮೇಲೇ ಬೀಳುತ್ತದೆ. ಆ ಫೋಟೊಗಳು ಕಾರ್ಡನ್ನು ಸೇರಲೇ ಇಲ್ಲ, ಪ್ರಯೋಗಾಲಯಕ್ಕೆ ಕೊಟ್ಟರೂ ಬರುವುದಿಲ್ಲ. ಖಚಿತಪಡಿಸಿಕೊಳ್ಳಲು ಎಚ್2ಟೆಸ್ಟ್‌ಡಬ್ಲ್ಯು ಅಥವಾ ಎಫ್3 ಎಂಬ ತಂತ್ರಾಂಶಗಳಿವೆ. ಇವು ಖಾಲಿ ಜಾಗವನ್ನೆಲ್ಲ ಬರೆದು ಓದಿ ಪರೀಕ್ಷಿಸುತ್ತವೆ, ಆದ್ದರಿಂದ ಸಿಗಬೇಕಾದದ್ದೆಲ್ಲ ಸಿಕ್ಕ ಮೇಲಷ್ಟೇ ಬಳಸಿ.

## ಫೋನಿನ ಒಳ ಸಂಗ್ರಹವಾಗಿ ಜೋಡಿಸಿದ್ದ ಕಾರ್ಡ್

ಆಂಡ್ರಾಯ್ಡ್ 6ರಿಂದ ಕೆಲವು ಫೋನುಗಳಲ್ಲಿ ಕಾರ್ಡನ್ನು ಫೋನಿನ ಸ್ವಂತ ಸಂಗ್ರಹದ ಭಾಗವಾಗಿ ಮಾಡಿಕೊಳ್ಳಬಹುದು. ಹಾಗೆ ಮಾಡಿದ ಕಾರ್ಡಿನಲ್ಲಿರುವುದೆಲ್ಲ ಗೂಢಲಿಪಿಯಲ್ಲಿರುತ್ತದೆ, ಅದರ ಕೀಲಿ ಆ ಫೋನಿನಲ್ಲಿ ಮಾತ್ರ ಇರುತ್ತದೆ. ಕಂಪ್ಯೂಟರಿಗೆ ಹಾಕಿದರೆ ಅರ್ಥವಾಗದ ಕಾರ್ಡೆಂದೇ ಕಾಣುತ್ತದೆ, ಫೋಟೊರೆಕ್‌ಗೂ ಏನೂ ಸಿಗದು. ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಲೇಬೇಡಿ, ಮಾಡಿದರೆ ಕೀಲಿಯೂ ಹೋಗುತ್ತದೆ. ಕಾರ್ಡನ್ನು ಅದೇ ಫೋನಿಗೆ ಮರಳಿ ಹಾಕಿ, ತೆರೆದರೆ ಕೂಡಲೇ ಫೈಲುಗಳನ್ನು ಹೊರಗೆ ಸಾಗಿಸಿ.

## ನೀರಿಗೆ ಬಿದ್ದಿದೆ, ಬಾಗಿದೆ, ಮುರಿದಿದೆ

ನೆನೆದ ಕಾರ್ಡ್ ಕಷ್ಟದ ಕೇಸಲ್ಲ. ಉಪ್ಪುನೀರಾದರೆ ಶುದ್ಧ ನೀರಿನಲ್ಲಿ ಜಾಲಿಸಿ ಒರೆಸಿ, ನೆರಳಿನಲ್ಲಿ ಒಂದೆರಡು ದಿನ ಒಣಗಲು ಬಿಡಿ. ಹೇರ್ ಡ್ರೈಯರ್, ಬಿಸಿಲು, ಒಲೆಯ ಪಕ್ಕ ಬೇಡ.

ದೊಡ್ಡ ಕಾರ್ಡಿನ ಪ್ಲಾಸ್ಟಿಕ್ ಕವಚ ಬಿರುಕು ಬಿಟ್ಟಿದ್ದು ಒಳಗಿನ ಹಲಗೆ ನೆಟ್ಟಗಿದ್ದರೆ ಆಸೆ ಇದೆ. ಮೈಕ್ರೊಎಸ್‌ಡಿ ಮಾತ್ರ ಹಾಗಲ್ಲ, ಕಂಟ್ರೋಲರೂ ಮೆಮೊರಿಯೂ ಒಂದೇ ಅಚ್ಚಿನಲ್ಲಿ ಎರಕಗೊಂಡಿರುತ್ತವೆ. ಉಗುರಿನಿಂದ ಸವರಿದಾಗ ತಡೆಯುವಂಥ ಬಿರುಕು ಅಡ್ಡಲಾಗಿ ಹೋಗಿದ್ದರೆ ಒಳಗಿನ ಸಿಲಿಕಾನ್ ಬಿಲ್ಲೆಯೇ ಒಡೆದಿರಬಹುದು, ಆಗ ಪ್ರಯೋಗಾಲಯವೂ ಅಸಹಾಯಕ. ಬಿರುಕಿನ ಕಾರ್ಡನ್ನು ರೀಡರಿಗೆ ತುರುಕಬೇಡಿ, ಅಂಟು ಹಾಕಬೇಡಿ.

## ಯಾವಾಗ ಕೈಬಿಟ್ಟು ತಜ್ಞರ ಬಳಿ ಹೋಗಬೇಕು

ಕಾರ್ಡ್ ಯಾವ ರೀಡರಿನಲ್ಲೂ ಸರಿಯಾದ ಗಾತ್ರ ತೋರಿಸುತ್ತಿಲ್ಲ, ವಿಪರೀತ ಬಿಸಿಯಾಗುತ್ತಿದೆ, ಮುರಿದಿದೆ, ಅಥವಾ ಡಿಡಿರೆಸ್ಕ್ಯೂ ಓದುವ ಭಾಗ ಪ್ರತಿ ಪ್ರಯತ್ನಕ್ಕೂ ಕಡಿಮೆಯಾಗುತ್ತಿದೆ ಎಂದಾದರೆ ನಿಲ್ಲಿಸಿ. ಮತ್ತೆ ತೆಗೆಯಲಾಗದ ಚಿತ್ರಗಳಿದ್ದರೆ ಇನ್ನೂ ಬೇಗ ನಿಲ್ಲಿಸಿ. ದತ್ತಾಂಶ ಮರುಪಡೆಯುವ ಪ್ರಯೋಗಾಲಯಗಳಲ್ಲಿ ಮೈಕ್ರೊಎಸ್‌ಡಿಯ ಮೇಲಿನ ಲೇಪನವನ್ನು ಸೂಕ್ಷ್ಮವಾಗಿ ಕೆರೆದು, ಕೆಳಗಿನ ಪರೀಕ್ಷಾ ಬಿಂದುಗಳಿಗೆ ಕೂದಲೆಳೆಯಂಥ ತಂತಿಗಳನ್ನು ಬೆಸೆದು, ಕಂಟ್ರೋಲರನ್ನು ಬಳಸದೆ ಮೆಮೊರಿಯನ್ನು ನೇರವಾಗಿ ಓದುತ್ತಾರೆ. ಓದಿದ್ದು ಕಲಸಿದ ರೂಪದಲ್ಲಿರುತ್ತದೆ, ಕಂಟ್ರೋಲರ್ ಅದನ್ನು ಹೇಗೆ ಹಂಚಿತ್ತೆಂದು ಲೆಕ್ಕ ಹಾಕಿ ಜೋಡಿಸಬೇಕು. ಹಾಗಾಗಿ ಸಮಯವೂ ಖರ್ಚೂ ಹೆಚ್ಚು.

ಕೊಡುವ ಮೊದಲು ಕೇಳಿ: ಪರೀಕ್ಷೆಗೆ ಶುಲ್ಕವಿದೆಯೇ, ಏನೂ ಸಿಗದಿದ್ದರೆ ಎಷ್ಟು ಕೊಡಬೇಕು, ಸಿಕ್ಕ ಫೈಲುಗಳ ಪಟ್ಟಿಯನ್ನು ಹಣ ಕೊಡುವ ಮೊದಲು ತೋರಿಸುತ್ತಾರೆಯೇ, ಕೆಲಸ ಮುಗಿದ ಮೇಲೆ ತಮ್ಮಲ್ಲಿನ ಪ್ರತಿ ಅಳಿಸುತ್ತಾರೆಯೇ. ನೀವು ಮಾಡಿ ನೋಡಿದ್ದನ್ನೆಲ್ಲ ಮುಚ್ಚಿಡದೆ ಹೇಳಿ, ಮೊದಲು ಬರೆದಿಟ್ಟ ಚೀಟಿಯನ್ನೂ ಮ್ಯಾಪ್ ಫೈಲನ್ನೂ ಜೊತೆಗೆ ಕೊಡಿ.

ಫೈಲುಗಳು ಸಿಕ್ಕ ಮೇಲೆ ಅವನ್ನು ಎರಡು ಬೇರೆ ಜಾಗಗಳಲ್ಲಿ ಇಟ್ಟು, ತೆರೆದು ನೋಡಿ ಮುಗಿಸುವವರೆಗೆ ಹಳೆಯ ಕಾರ್ಡನ್ನು ಎಸೆಯಬೇಡಿ. ಫಾರ್ಮ್ಯಾಟ್ ಮಾಡಿದ ಮೇಲೆ ಸರಿಹೋದಂತೆ ಕಂಡರೂ ಮತ್ತೆ ಬಳಕೆಗೆ ತರಬೇಡಿ. ಓದಲಾಗದ ಕಾರ್ಡನ್ನು ಅಳಿಸಲೂ ಆಗುವುದಿಲ್ಲ, ಒಳಗಿನ ಖಾಸಗಿ ಚಿತ್ರಗಳು ಹಾಗೇ ಇರುತ್ತವೆ. ಕಣ್ಣಿಗೆ ಚೂರು ಸಿಡಿಯದಂತೆ ಬಟ್ಟೆಯಲ್ಲಿ ಸುತ್ತಿ, ಗಟ್ಟಿ ಕತ್ತರಿಯಿಂದ ಅಡ್ಡಲಾಗಿ ಎರಡು ಮೂರು ಕಡೆ ಕತ್ತರಿಸಿ ಇ-ತ್ಯಾಜ್ಯಕ್ಕೆ ಹಾಕಿ.